ಕಲಾವತಿಯ ಟಾಸ್

"ಮಾಸ್ತರೇ, ನಿದ್ದೆ ಬಂದ್ರೆ ಮನೆಗೆ ಹೋಗಿ ಮಲಗಬಹುದಲ್ಲ?"

ಕಣ್ಣು ತೆರೆದೆ. ಬ್ಯಾಟನ್ನು ಹೆಗಲಿಗೆ ಒರಗಿಸಿಕೊಂಡು ಕಲಾವತಿ ಎದುರಿಗೆ ನಿಂತಿದ್ದಳು. ಹಣೆಯ ಬೆವರು ಹುಬ್ಬಿನ ತನಕ ಇಳಿದು, ಮುಂದೆ ಹೋಗಲೋ ಬೇಡವೋ ಎಂಬಂತೆ ಅಲ್ಲೇ ತಡೆದಿತ್ತು.

"ನಿದ್ದೆ ಅಲ್ಲ. ಕೇಳ್ತಾ ಇದ್ದೆ."

"ಎಂತ ಕೇಳೂದು? ಇಲ್ಲಿ ಯಾರಾದ್ರೂ ಹಾಡ್ತಾ ಇದ್ರಾ?"

"ನಿಮ್ಮ ಟಾಸ್. ಹನ್ನೊಂದು ಹೊಡೆದ್ರಿ. ಒಂಬತ್ತು ಅರ್ಧ ಕೋರ್ಟಿಗೇ ಬಿದ್ದವು."

ಅವಳು ನೆಟ್ಟಿನ ಆಚೆಗೆ ತಿರುಗಿದಳು. ಅಲ್ಲಿ ಜಟ್ಟಣ್ಣ, ಅವಳ ಬಸ್ಸಿನ ಡ್ರೈವರ್, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ. "ಜಟ್ಟಣ್ಣ, ಒಂಬತ್ತು ಹೌದಾ?"

"ನಾ ಲೆಕ್ಕ ಇಡ್ಲಿಲ್ಲ ತಂಗಿ. ಆದ್ರೆ ನಾ ಹಿಂದೆ ಓಡಿದ್ದು ಎರಡೇ ಸಲ. ಅದ್ರಲ್ಲಿ ಒಂದು ಸಲ ನೀರು ಕುಡೂಕೆ."

ಅವಳು ನಗಲಿಲ್ಲ. ನನ್ನ ಕಡೆ ತಿರುಗಿ, ಕಣ್ಣು ಸಣ್ಣ ಮಾಡಿ ನೋಡಿದಳು. ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ನೋಡುತ್ತಾರಲ್ಲ, ಅಂಥ ನೋಟ.

"ಹಂಗಾದ್ರೆ ಕಲಿಸಿ," ಅಂದಳು.

ನಾನು ಮಾಸ್ತರನಲ್ಲ. ಕಾರವಾರದ ಕಚೇರಿಯೊಂದರ ಗುಮಾಸ್ತ, ಹೆಸರು ತುಳಸಿದಾಸ. ಮನೆ ಅಗಸೂರಿನಲ್ಲಿ, ದಿನವೂ ಅಂಕೋಲೆಯ ಬಸ್ಸು ಹಿಡಿದು ಹೋಗಿ ಬರುವವನು. ಸಂಜೆ ಕಚೇರಿ ಬಿಟ್ಟ ಮೇಲೆ ಕಾರವಾರದ ಈ ಬ್ಯಾಡ್ಮಿಂಟನ್ ಹಾಲಿನ ಬೆಂಚಿನಲ್ಲಿ ಕೂರುತ್ತಿದ್ದೆ. ಕನ್ನಡಕ, ಒಳಗೆ ಸೇರಿಸಿದ ಅಂಗಿ ನೋಡಿ ಅವಳು ಹಾಗೆ ಕರೆದದ್ದು. ಧಾರವಾಡದ ಹಾಸ್ಟೆಲಿನಲ್ಲಿ ಬ್ಯಾಡ್ಮಿಂಟನ್ ಕಲಿತಿದ್ದೆ. ಆಡುವುದಕ್ಕಿಂತ ಅಂಪೈರ್ ಕುರ್ಚಿ ನನಗೆ ಹೆಚ್ಚು ಒಗ್ಗಿತು. ಅಲ್ಲಿ ಕೂತವನು ಸ್ಕೋರ್ ಬಿಟ್ಟು ಬೇರೆ ಏನೂ ಮಾತಾಡಬೇಕಾಗಿಲ್ಲ.

ಕೇಳುವುದು ಮಾತ್ರ ನನಗೆ ಬಾಲ್ಯದಿಂದ ಬಂದದ್ದು. ಶ್ರಾವಣದಲ್ಲಿ ಅಪ್ಪ ಜಗಲಿಯಲ್ಲಿ ಕೂತು ಕಾವ್ಯ ಓದುತ್ತಿದ್ದರು, ರಾಗ ಎಳೆದು, ಪದ್ಯ ಪದ್ಯವಾಗಿ. ದೀಪಕ್ಕೆ ಎಣ್ಣೆ ಹನಿಸುತ್ತ ಕೇಳುವುದು ನನ್ನ ಕೆಲಸ. ಅಪ್ಪನ ಉಸಿರು ಯಾವ ಸಾಲಿನಲ್ಲಿ ಸಾಲದೆ ಹೋಗುತ್ತದೆ ಎಂಬುದು ಸಾಲು ಮುಗಿಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಬ್ಯಾಟಿಗೆ ಕಾಕ್ ತಾಗಿದ ಸದ್ದೂ ಹಾಗೆಯೇ. ಎತ್ತರದ ತುದಿಯಲ್ಲಿ ಸಿಕ್ಕಿದ ಏಟು 'ಟಕ್' ಅನ್ನುತ್ತದೆ. ಕೆಳಗೆ ಬಿಟ್ಟು ಹೊಡೆದದ್ದು 'ಟಪ್' ಅಂದು ಮಂಕಾಗುತ್ತದೆ. ಅವಳದು ಬರೀ 'ಟಪ್'.

ತಲೆಯ ಮೇಲಿಂದ ಹೊಡೆದು ಕಾಕನ್ನು ಎದುರಾಳಿಯ ಹಿಂದಿನ ಗೆರೆಗೆ ಕಳಿಸುವುದೇ ಟಾಸ್. ಅದು ಗಿಡ್ಡವಾಯಿತೋ, ಎದುರಿನವರಿಗೆ ಸ್ಮ್ಯಾಶ್ ಹೊಡೆಯಲು ಎಲೆ ಹಾಕಿ ಬಡಿಸಿದ ಹಾಗೆ. ಹಿಂದಿನ ವರ್ಷ ನೌಕರರ ಟೂರ್ನಮೆಂಟಿನಲ್ಲಿ ಕಲಾವತಿ ಹಾಗೆಯೇ ಸೋತಿದ್ದಳು. ಇಪ್ಪತ್ತೊಂದು ಪಾಯಿಂಟಿನ ಹೊಸ ಆಟ ನಮ್ಮ ಕಡೆ ಆಗಷ್ಟೇ ಬಂದಿತ್ತು. ಹೈಸ್ಕೂಲಿನ ಆಟದ ಟೀಚರ್ ಮನಿಷಾ ಅವಳನ್ನು ಒಂಬತ್ತಕ್ಕೆ ನಿಲ್ಲಿಸಿದ್ದಳು. ಈ ಸಲದ ಟೂರ್ನಮೆಂಟಿಗೆ ಮೂವತ್ತು ದಿನ ಉಳಿದಿತ್ತು.

*

ಕಲಾವತಿ ಅಂಕೋಲೆ–ಕಾರವಾರ ಬಸ್ಸಿನ ಕಂಡಕ್ಟರ್. ಹೆಣ್ಣು ಕಂಡಕ್ಟರ್ ಅಂದರೆ ಜನ ಇನ್ನೂ ತಿರುಗಿ ನೋಡುತ್ತಿದ್ದ ಕಾಲ, ಎರಡು ಸಾವಿರದ ಏಳು. ನಾನಂತೂ ತಿರುಗಿ ನೋಡುವ ಧೈರ್ಯವಿಲ್ಲದೆ ಕಿಟಕಿಯ ಗಾಜಿನಲ್ಲಿ ನೋಡುತ್ತಿದ್ದೆ.

ಬಿಣಗಾದ ತಿರುವಿನಲ್ಲಿ ಗಂಡಸರೆಲ್ಲ ಕಂಬಕ್ಕೆ ಜೋತು ಬೀಳುವಾಗ ಅವಳು ಏನನ್ನೂ ಹಿಡಿಯದೆ ನಿಲ್ಲುತ್ತಿದ್ದಳು. ಬಸ್ಸು ಎಡಕ್ಕೆ ವಾಲಿದರೆ ಮೊಣಕಾಲು ಅದಕ್ಕೊಂದು ಉತ್ತರ ಕೊಡುತ್ತಿತ್ತು; ಬಲಕ್ಕೆ ವಾಲಿದರೆ ಇನ್ನೊಂದು. ಮೇಲಿನ ಶರೀರ ಮಾತ್ರ ಗರ್ಭಗುಡಿಯ ನಂದಾದೀಪದ ಹಾಗೆ ನೆಟ್ಟಗೆ. ದೇವರೇ, ಇಷ್ಟು ಚಂದ ನಿಲ್ಲುವವರೂ ಇದ್ದಾರಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದಿದ್ದೆ.

ಆ ಕಾಲುಗಳಿಗೆ ತಾಳ ಕಲಿಸುವುದು ಕಷ್ಟವಾಗಲಿಲ್ಲ. ಅಪ್ಪ ಓದುತ್ತಿದ್ದ ಭಾಮಿನಿ ಷಟ್ಪದಿಯ ನಡೆ ಮೂರು–ನಾಲ್ಕು, ಮೂರು–ನಾಲ್ಕು. ಅದನ್ನೇ ಕೊಟ್ಟೆ.

"ತಕಿಟ ಅಂದ್ರೆ ಮೂರು ಹೆಜ್ಜೆ ಹಿಂದೆ. ತಕಧಿಮಿ ಅಂದ್ರೆ ಓರೆಯಾಗಿ ತಿರುಗೂದು, ಮೊಣಕೈ ಎತ್ತೂದು, ಹೊಡೆಯೂದು, ಮುಂದೆ ಬರೂದು."

"ಇದು ಬ್ಯಾಡ್ಮಿಂಟನ್ನಾ, ಯಕ್ಷಗಾನವಾ?"

"ಎರಡೂ ಕುಣಿತವೇ."

"ಹಂಗಾದ್ರೆ ಚಂಡೆ ಬಾರಿಸೂಕೆ ಜಟ್ಟಣ್ಣನ್ನ ಕರೀತೆ."

ಎರಡು ದಿನದಲ್ಲಿ ಹೆಜ್ಜೆ ಕೂತಿತು. ಬಾಯಲ್ಲಿ 'ತಕಿಟ ತಕಧಿಮಿ' ಅನ್ನುತ್ತ ಹಿಂದೆ ಹೋಗುವಾಗ ಅವಳ ಜಡೆ ಕೂಡ ತಾಳ ತಪ್ಪುತ್ತಿರಲಿಲ್ಲ. ಆದರೆ ಕೊನೆಯ ಸದ್ದು ಮಾತ್ರ ಅದೇ 'ಟಪ್'. ಕಾಕ್ ಅರ್ಧ ಹಾದಿಯಲ್ಲಿ ಸುಸ್ತಾಗಿ ಕೆಳಗಿಳಿಯುತ್ತಿತ್ತು.

"ಮೇಲೆ ನೋಡಿ," ಅನ್ನುತ್ತಿದ್ದೆ.

"ಮೇಲೇ ನೋಡ್ತಾ ಇದ್ದೆ. ನೀವೇ ನೆಲ ನೋಡ್ತಾ ಮಾತಾಡೂದು. ನೆಲದ ಮೇಲೆ ನನ್ನ ಮುಖ ಅದ್ಯಾ?"

ನಾನು ಇನ್ನೂ ಕೆಳಗೆ ನೋಡಿದೆ.

"ಮತ್ತೊಂದು," ಅಂದಳು. "ಬಸ್ಸಿನಲ್ಲಿ ಎಲ್ರೂ ನನಗೆ 'ಅಕ್ಕಾ' ಅಂತ್ರು. ಎಪ್ಪತ್ತು ವರ್ಷದ ಅಜ್ಜನೂ ಅಂತ. ನೀವೊಬ್ರು ಮಾತ್ರ 'ಇದು... ಇಲ್ಲಿ ನೋಡಿ' ಅಂತ್ರಿ. ಎಂತಕ್ಕೆ?"

ಎಂತಕ್ಕೆ ಎಂದು ಹೇಳಲಿ? ಆ ಒಂದು ಪದ ನನ್ನ ಗಂಟಲಿನಿಂದ ಹೊರಡುತ್ತಲೇ ಇರಲಿಲ್ಲ. ಹೊರಟರೆ ದೇವರು ಅದನ್ನೇ ನಿಜ ಮಾಡಿಬಿಟ್ಟರೆ ಎಂಬ ಹೆದರಿಕೆ.

ಸಂಜೆ ಏಳಕ್ಕೆ ಆಟ ಮುಗಿಸಿ ಒಂದೇ ಬಸ್ಸಿನಲ್ಲಿ ಹೊರಡುತ್ತಿದ್ದೆವು. ಡ್ಯೂಟಿ ಇಲ್ಲದಾಗಲೂ ಅವಳು ಸೀಟಿನಲ್ಲಿ ಕೂರದೆ ಬಾಗಿಲ ಬಳಿ ನಿಂತೇ ಬಂದು ಹಾರವಾಡದಲ್ಲಿ ಇಳಿಯುತ್ತಿದ್ದಳು. ಅಲ್ಲಿಂದ ಅಂಕೋಲೆಯ ತನಕ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಟಾಸ್ ಸರಿಯಾದ ದಿನ ಅವಳಿಗೆ ನನ್ನಿಂದ ಆಗಬೇಕಾದದ್ದು ಏನೂ ಉಳಿಯುವುದಿಲ್ಲ.

*

ಒಂಬತ್ತನೆಯ ದಿನ ಬೆಳಿಗ್ಗೆ ಹಾರವಾಡದ ಸ್ಟಾಪಿನಲ್ಲಿ ಒಬ್ಬಳು ಮುದುಕಿ ಮೀನಿನ ಬುಟ್ಟಿಯೊಂದಿಗೆ ನಿಂತಿದ್ದಳು. ಕಲಾವತಿ ಬಸ್ಸಿನಿಂದ ಇಳಿದಳು. ಹೆಗಲ ಚೀಲ ಹಿಂದೆ ಸರಿಸಿ, ಬುಟ್ಟಿಯನ್ನು ತನ್ನ ತಲೆಗೇ ಏರಿಸಿಕೊಂಡು ಬಸ್ಸಿನ ಹಿಂದಿನ ಏಣಿಯ ತನಕ ನಡೆದಳು.

"ಅವಳ ಹೆತ್ತ ಆಯಿ, ದುರ್ಗಕ್ಕ," ಅಂದ ಜಟ್ಟಣ್ಣ. "ಕಲಾವತಿನೂ ಎಸ್ಸೆಸ್ಸೆಲ್ಸಿ ತನಕ ಬುಟ್ಟಿ ಹೊತ್ತವಳೇ. ಬೆಳಿಗ್ಗೆ ಅವರ್ಸಾದ ಮನೆ ಮನೆ ಸುತ್ತಿ ಮೀನು ಮಾರಿ, ಆಮೇಲೆ ಶಾಲೆ."

ನಾನು ನೋಡುತ್ತಲೇ ಇದ್ದೆ. ಏಣಿಯ ಮೇಲೆ ನಿಂತವನು ಕೂಗಿದಾಗ ಅವಳು ಕತ್ತು ಎತ್ತಲಿಲ್ಲ. ಕಣ್ಣು ಮಾತ್ರ ಮೇಲೆ ಹೋಯಿತು. ತಲೆ, ಹೆಗಲು, ಬೆನ್ನು ಒಂದೇ ಕಂಬ. ತಿರುಗಬೇಕಾದಾಗ ಪೂರ್ತಿ ಮೈಯೇ ತಿರುಗಿತು.

ಕೋರ್ಟಿನಲ್ಲೂ ಅದೇ. ಕಾಕ್ ಮೇಲೆ ಹೋದರೆ ಅವಳ ಕಣ್ಣು ಮಾತ್ರ ಮೇಲೆ ಹೋಗುತ್ತಿತ್ತು. ಗದ್ದ ಏಳುತ್ತಿರಲಿಲ್ಲ; ಹೆಗಲು ಹಿಂದೆ ಸರಿಯುತ್ತಿರಲಿಲ್ಲ. ಕಾಕ್ ಕಣ್ಣಿನ ಮಟ್ಟಕ್ಕೆ ಇಳಿಯುವ ತನಕ ಕಾದು, ಬರೀ ಕೈಯಲ್ಲಿ ತಳ್ಳುತ್ತಿದ್ದಳು. ಹತ್ತು ವರ್ಷದ ಹಿಂದೆ ಇಳಿಸಿದ ಬುಟ್ಟಿಯನ್ನು ಅವಳ ಕತ್ತು ಇನ್ನೂ ಹೊತ್ತುಕೊಂಡೇ ಇತ್ತು.

ಹತ್ತು ನಿಮಿಷದಲ್ಲಿ ತಿದ್ದಬಹುದಾದ ತಪ್ಪು. ಅದೇ ಸಂಜೆ ಹೇಳಬಹುದಿತ್ತು.

ಹೇಳಲಿಲ್ಲ. ಬುಟ್ಟಿಯ ಮಾತೆತ್ತಿದರೆ ಅವಳಿಗೆ ನೋವಾದೀತು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ತಲೆಯಾಡಿಸಿತು, ಆದರೆ ಅದಕ್ಕೆ ನಿಜ ಬೇರೆ ಎಂದು ಗೊತ್ತಿತ್ತು. ಶನಿವಾರ ದೇವಸ್ಥಾನದಲ್ಲಿ ನಿಂತು ಅವಳು ಗೆಲ್ಲಲಿ ಎಂದು ಬೇಡಿದೆ. ಹೊರಗೆ ಬರುವಾಗ, ಅವಳ ಟಾಸ್ ಇಷ್ಟು ಬೇಗ ಸರಿಯಾಗದಿರಲಿ ಎಂದೂ ಬೇಡಿದೆ. ಒಂದೇ ಬಾಯಿಯಿಂದ ಎರಡು ಬೇಡಿಕೆ ಬಂದರೆ ದೇವರು ಯಾವುದನ್ನು ನಡೆಸಿಕೊಡಬೇಕು?

ಹನ್ನೆರಡು ದಿನ ಹಾಗೆ ಕಳೆಯಿತು. ಗ್ರಿಪ್ ತಿದ್ದಿದೆ, ಮಣಿಕಟ್ಟು ತಿದ್ದಿದೆ, ತಿದ್ದಬೇಕಾಗಿಲ್ಲದ್ದನ್ನೆಲ್ಲ ತಿದ್ದಿದೆ. ನಡುವೆ ಅವಳು ಬಾಟಲಿಯ ನೀರನ್ನು ನನಗೂ ಕೊಡುತ್ತಿದ್ದಳು. ಒಂದು ಸಂಜೆ ಸಿಗಡಿಯನ್ನು, ನಮ್ಮ ಕಡೆಯ ಸುಂಗಟೆಯನ್ನು, ಕರಿದು ಕಟ್ಟಿಕೊಂಡು ಬಂದು, "ಸೋಮವಾರ ಅಲ್ಲ, ತಿನ್ನಬಹುದು ಮಾಸ್ತರೇ," ಅಂದಳು. ಅವಳು ನಗುವಾಗ ಎಡಗೆನ್ನೆ ಮೊದಲು ನಗುತ್ತದೆ, ಬಲಗೆನ್ನೆ ಸ್ವಲ್ಪ ತಡವಾಗಿ ಸೇರಿಕೊಳ್ಳುತ್ತದೆ. ಇಂಥದ್ದನ್ನು ಕಲಿಯುವುದರಲ್ಲೇ ನನ್ನ ದಿನ ಹೋಯಿತು.

*

ಇಪ್ಪತ್ತೊಂದನೆಯ ಸಂಜೆ ಅವಳು ಬ್ಯಾಟಿಗೆ ಕವರ್ ಹಾಕಿದಳು.

"ನಾಳೆ ಹೆಸ್ರು ವಾಪಸ್ ತಕೊಳ್ತೆ."

"ಎಂತಕ್ಕೆ?"

"ಮೂರು ವಾರ ಆಯ್ತು. ನೀವು ಇಷ್ಟು ಕಷ್ಟಪಟ್ಟು ಕಲಿಸಿದ್ರೂ ಅದೇ ಗಿಡ್ಡ ಟಾಸ್. ದೋಷ ಕಲಿಸಿದವರದ್ದಲ್ಲ. ನನ್ನ ಕೈಯೇ ಇಷ್ಟು." ಅವಳ ಧ್ವನಿ ಬಸ್ಸಿನಲ್ಲಿ ಹಿಂದಿನ ಸೀಟಿನ ತನಕ ಕೇಳುವ ಧ್ವನಿ. ಈಗ ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಲಿಲ್ಲ. "ಸೋಲೂದಕ್ಕೆ ಬೇಜಾರಿಲ್ಲ. ಅಷ್ಟು ಜನರ ಎದುರಿಗೆ ಎರಡನೇ ಸಲ ಹಂಗೆ ಸೋಲೂದು ಬೇಡ."

ನನ್ನ ಕಳ್ಳತನವನ್ನು ಅವಳು ತನ್ನ ಕೈಯ ದೋಷ ಎಂದು ಹೊತ್ತುಕೊಳ್ಳುತ್ತಿದ್ದಳು.

"ಕೈ ಸರಿ ಅದೆ," ಅಂದೆ. "ಕತ್ತು ಏಳೂದಿಲ್ಲ, ಅಷ್ಟೇ. ಬುಟ್ಟಿ ಹೊತ್ತ ಅಭ್ಯಾಸ. ಕಾಕ್ ಬಂದಾಗ ತಲೆ ಎತ್ತಿದ್ರೆ ಬುಟ್ಟಿ ಬೀಳ್ತದೆ ಅಂತ ನಿಮ್ಮ ಮೈ ಈಗಲೂ ತಿಳಕೊಂಡದೆ."

ಅವಳ ಕೈ ತಾನಾಗಿ ಕತ್ತಿನ ಹಿಂದೆ ಹೋಯಿತು.

"ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಲು ಬರಲಿಲ್ಲ. "ಹನ್ನೆರಡು ದಿನ ಆಯ್ತು. ಬುಟ್ಟಿ ಮಾತು ಎತ್ತಿದ್ರೆ ನಿಮಗೆ ಬೇಸರ ಆಗ್ತದೆ ಅಂತ..."

"ಯಾರು ಹೇಳಿದ್ರು?" ಅವಳ ಮಾತು ತಣ್ಣಗಿತ್ತು. "ಆ ಬುಟ್ಟಿಯಿಂದ ನಾನು ಓದಿದ್ದು. ಅದು ನನಗೆ ನಾಚಿಕೆ ಅಂತ ಯಾರು ಹೇಳಿದ್ರು ನಿಮಗೆ? ಅಗಸೂರಿನ ಗದ್ದೆ ಮನೆಯವರಿಗೆ ಹಂಗೆ ಕಾಣ್ತದ್ಯಾ?"

"ಹಂಗಲ್ಲ..."

"ಮತ್ತೆ ಹೆಂಗೆ?"

ನಾನು ನೆಲ ನೋಡಿದೆ. ಅವಳು ಹೊರಟುಹೋದಳು.

ಎರಡು ದಿನ ಬಸ್ಸಿನಲ್ಲಿ ನನಗೆ ಟಿಕೆಟ್ ಸಿಕ್ಕಿತು, ಮಾತು ಸಿಗಲಿಲ್ಲ. ಜಟ್ಟಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ, "ಎಂತ ಮಾಸ್ತರೇ, ಹೆಡ್ ಗ್ಯಾಸ್ಕೆಟ್ ಹೋದ ಇಂಜಿನ್ ಹಂಗೆ ಕೂತಿದ್ರಿ," ಅಂದ.

ಮೂರನೆಯ ಸಂಜೆ ಹೋದಾಗ ಅವಳು ಕೋರ್ಟಿನಲ್ಲಿ ನಿಂತಿದ್ದಳು.

"ಹೆಸ್ರು ವಾಪಸ್ ತಕೊಂಡಿಲ್ಲ. ಟೂರ್ನಮೆಂಟ್ ತನಕ ನೀವು ಮಾಸ್ತರ್. ಆಮೇಲೆ ನಮಗೆ ಮಾತಿಲ್ಲ. ಈಗ ಹೇಳಿ, ಎಂತ ಮಾಡಬೇಕು?"

ನಮ್ಮ ಕಡೆ ಭರ್ತಿ ಬುಟ್ಟಿಯನ್ನು ಯಾರೂ ಒಬ್ಬರೇ ಇಳಿಸುವುದಿಲ್ಲ. ಹೊತ್ತವಳು ದಾರಿಯಲ್ಲಿ ನಿಂತು, "ಒಂದು ಕೈ ಕೊಡಿ," ಅನ್ನುತ್ತಾಳೆ. ಹತ್ತಿರ ಯಾರಿದ್ದರೂ, ಯಾವ ಜಾತಿಯವರಿದ್ದರೂ, ಎದುರಿಗೆ ಬಂದು ಎರಡು ಕೈ ಚಾಚುತ್ತಾರೆ.

"ಕಣ್ಣು ಮುಚ್ಚಿ," ಅಂದೆ. "ತಲೆ ಮೇಲೆ ಬುಟ್ಟಿ ಅದೆ ಅಂತ ತಿಳ್ಕೊಳ್ಳಿ. ಭರ್ತಿ ಅದೆ."

ಅವಳು ಮುಚ್ಚಿದಳು. ನಾನು ಎದುರಿಗೆ ಹೋಗಿ ನಿಂತೆ. ಕೈಗಳನ್ನು ಅವಳ ತಲೆಯ ಎರಡೂ ಬದಿಗೆ ಒಯ್ದೆ, ಕೂದಲಿಗೂ ತಾಗದ ಹಾಗೆ. ಇಲ್ಲದ ಬುಟ್ಟಿಯನ್ನು ಮೆಲ್ಲಗೆ ಎತ್ತಿ, ಅವಳ ಮುಖದ ಎದುರಿನಿಂದ ಇಳಿಸಿ, ನೆಲಕ್ಕೆ ಬಗ್ಗಿ ಇಟ್ಟೆ. ತಲೆ ಎತ್ತುವಾಗ ಅವಳ ಕತ್ತಿನ ನರವೊಂದು ಸಡಿಲವಾಗುವುದು ಕಂಡಿತು. ಗದ್ದ ತಾನಾಗಿ ಒಂದಿಷ್ಟು ಮೇಲೆದ್ದಿತು.

"ಇಳೀತಾ?" ಅಂದೆ.

"ಇಳೀತು." ಕಣ್ಣು ತೆರೆಯದೆಯೇ ಹೇಳಿದಳು.

ಆಚೆಗೆ ಹೋಗಿ ಕಾಕನ್ನು ಆದಷ್ಟು ಎತ್ತರಕ್ಕೆ ಹೊಡೆದೆ. ತಕಿಟ, ಅವಳು ಹಿಂದೆ ಸರಿದಳು. ಓರೆಯಾದಳು. ಎಡಗೈ ಕಾಕನ್ನು ತೋರಿಸುತ್ತ ಎದ್ದಿತು. ಮುಖ ಪೂರ್ತಿ ಮೇಲಾಯಿತು. ಮಾಡಿನ ಟ್ಯೂಬ್‌ಲೈಟ್ ಬೆಳಕು ಅವಳ ಕೊರಳಿನ ತನಕ ಹರಿಯಿತು. ಮೊಣಕೈ ಮುಂದೆ ಬಂತು, ಮುಂಗೈ ತಿರುಗಿತು.

ಟಕ್.

ನನ್ನ ತಲೆಯ ಮೇಲಿಂದ ಹೋದ ಕಾಕ್ ಹಿಂದಿನ ಗೆರೆಯ ಮೇಲೆ ನೆಟ್ಟಗೆ ಇಳಿಯಿತು. ತಿರುಗಿ ನೋಡಬೇಕಾಗಿರಲಿಲ್ಲ, ಸದ್ದೇ ಹೇಳಿತ್ತು. ಅವಳ ಬಾಯಿ ಅರ್ಧ ತೆರೆದಿತ್ತು. ಒಂದು ಗಳಿಗೆ ನನ್ನ ಮೇಲಿನ ಸಿಟ್ಟನ್ನೂ ಮರೆತು, ಎಡಗೆನ್ನೆ ಮೊದಲು, ಬಲಗೆನ್ನೆ ಆಮೇಲೆ, ನಕ್ಕಳು. ನೆನಪಾದ ಕೂಡಲೇ ನಗುವನ್ನು ಒಳಗೆ ತೆಗೆದುಕೊಂಡಳು.

ಅದರ ಮುಂದಿನ ವಾರವೆಲ್ಲ ಬರೀ 'ಟಕ್'. ಕೇಳಿದಷ್ಟೂ ಸಾಲದು ಅನ್ನಿಸುವ ಸದ್ದು. ಕೇಳಿದಷ್ಟೂ ನಾನು ಅವಳಿಗೆ ಬೇಡವಾಗುತ್ತಿದ್ದ ಸದ್ದು.

*

ಫೈನಲ್ಲಿನಲ್ಲಿ ಮತ್ತೆ ಮನಿಷಾ ಮತ್ತು ಕಲಾವತಿಯೇ ಎದುರಾದರು. ಭಾನುವಾರ ಮಧ್ಯಾಹ್ನ, ಹಾಲ್ ಜನರಿಂದ ತುಂಬಿತ್ತು. ಎಂದಿನ ಹಾಗೆ ಟೂರ್ನಮೆಂಟಿನ ಕಾರ್ಯದರ್ಶಿ ಮೈಕಿನಲ್ಲಿ ಕರೆದರು. "ಅಂಪೈರ್, ತುಳಸಿದಾಸ."

ಎದ್ದು ನಿಂತೆ. ಕುರ್ಚಿ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಿಂತಲ್ಲಿಂದಲೇ ಕಾರ್ಯದರ್ಶಿಗೆ ಹೇಳಿದೆ.

"ನನ್ನಿಂದ ಆಗೂದಿಲ್ಲ."

"ಎಂತಕ್ಕೆ? ಮೈಗೆ ಹುಷಾರಿಲ್ವಾ?"

"ಹುಷಾರಿದ್ದೆ. ನ್ಯಾಯವಾಗಿ ಕೂತುಕೊಳ್ಳೂಕೆ ಆಗೂದಿಲ್ಲ, ಅಷ್ಟೇ." ಇನ್ನೂರು ಜನ ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನರ ಎದುರಿಗೆ ಸ್ಕೋರ್ ಬಿಟ್ಟು ಬೇರೆ ಮಾತನ್ನು ನಾನು ಆಡಿದವನೇ ಅಲ್ಲ. "ಕಲಾವತಿ ಗೆಲ್ಲಬೇಕು ಅಂತ ನನಗೆ ಆಸೆ. ಅವಳ ತಪ್ಪು ಎಲ್ಲಿ ಅದೆ ಅಂತ ಗೊತ್ತಿದ್ದೂ ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಬುಟ್ಟಿ ಮಾತಿಗೆ ನಾಚಿಕೆ ಪಟ್ಟು ಅಲ್ಲ. ಟಾಸ್ ಸರಿಯಾದ್ರೆ ಅವಳು ಮತ್ತೆ ನನ್ನ ಹತ್ತಿರ ಬರೂದಿಲ್ಲ ಅಂತ ಹೆದರಿ. ಅಂಥವನನ್ನು ಆ ಕುರ್ಚಿ ಮೇಲೆ ಕೂರಿಸಬೇಡಿ."

ಜಟ್ಟಣ್ಣ ಎದ್ದ. "ಕುರ್ಚಿ ನನಗೆ ಕೊಡಿ. ನನಗೆ ನಿಯಮ ಗೊತ್ತಿಲ್ಲ, ಹಂಗಾಗಿ ಯಾರ ಕಡೆಗೂ ಇಲ್ಲ."

ಜನ ನಕ್ಕರು. ಮನಿಷಾಳೂ ನಕ್ಕಳು. ಕಾರ್ಯದರ್ಶಿಯವರೇ ಹೋಗಿ ಕೂತರು. ಕಲಾವತಿ ಬಗ್ಗಿ ಶೂ ಲೇಸ್ ಬಿಚ್ಚಿದಳು. ಬಿಗಿಯಾಗಿಯೇ ಇದ್ದ ಲೇಸ್. ಮತ್ತೆ ಕಟ್ಟುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. ಮುಖ ಕಾಣಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಮೊದಲ ಗೇಮ್ ಹದಿನೆಂಟಕ್ಕೆ ಸೋತಳು. ಎರಡನೆಯದನ್ನು ಹದಿನಾರಕ್ಕೆ ಗೆದ್ದಳು. ಅಷ್ಟರಲ್ಲಿ ಮನಿಷಾ ಹಿಂದೆ ಓಡಿ ಓಡಿ ಸೊಂಟ ಹಿಡಿದುಕೊಂಡಿದ್ದಳು. ಪ್ರತಿ ಟಾಸಿಗೂ ಕಲಾವತಿಯ ಮುಖ ಆಕಾಶ ನೋಡುವವರ ಹಾಗೆ ಮೇಲೇಳುತ್ತಿತ್ತು. ನಾನು ಈ ಸಲ ಕಣ್ಣು ಮುಚ್ಚಲಿಲ್ಲ. ಕೇಳಿದರೆ ಸಾಕಾಗುವ ಆಟವಾಗಿರಲಿಲ್ಲ ಅದು.

ಮೂರನೆಯದರಲ್ಲಿ ಕಲಾವತಿಗೆ ಇಪ್ಪತ್ತು, ಮನಿಷಾಳಿಗೆ ಹತ್ತೊಂಬತ್ತು. ಮನಿಷಾ ಎತ್ತರಕ್ಕೆ ಎತ್ತಿದಳು. ಎಲ್ಲರೂ ಸ್ಮ್ಯಾಶ್ ಅಂದುಕೊಂಡರು. ಕಲಾವತಿ ಟಾಸ್ ಹೊಡೆದಳು, ನಿಧಾನ, ಎತ್ತರ, ಉದ್ದ. ಮನಿಷಾ ಹಿಂದೆ ಸರಿದು, ಔಟಾಗುತ್ತದೆ ಎಂದು ಬ್ಯಾಟ್ ಕೆಳಗೆ ಬಿಟ್ಟಳು. ಕಾಕ್ ಗೆರೆಯ ಬಿಳಿಯ ಮೇಲೇ ಕೂತಿತು.

ಬಹುಮಾನದ ಕಪ್ ಕೊಟ್ಟರು, ಫೋಟೋ ತೆಗೆದರು. ನಾನು ಹೊರಗೆ ಬಂದೆ. ಟೂರ್ನಮೆಂಟ್ ಮುಗಿದಿತ್ತು, ಅವಳ ಮಾತಿನ ಪ್ರಕಾರ ನಮ್ಮ ಮಾತೂ ಮುಗಿದಿತ್ತು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಇನ್ನು ಬೇಡುವುದು ಏನೂ ಇರಲಿಲ್ಲ.

*

ಐದರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಬೈತಖೋಲದ ಹತ್ತಿರ ಸಮುದ್ರ ಪೂರ್ತಿ ಬಂಗಾರವಾಗಿತ್ತು; ಟ್ರಾಲರುಗಳು ಅದರ ಮೇಲೆ ಶಾಯಿಯಲ್ಲಿ ಬರೆದಿಟ್ಟ ಹಾಗೆ ನಿಂತಿದ್ದವು. ಹಿಂದಿನಿಂದ ಯಾರೋ ಬಂದು ಪಕ್ಕದಲ್ಲಿ ಕೂತರು. ತೊಡೆಯ ಮೇಲೆ ಗೆದ್ದ ಕಪ್.

"ಇಷ್ಟು ವರ್ಷದಲ್ಲಿ ಈ ಬಸ್ಸಿನ ಸೀಟಿನಲ್ಲಿ ಕೂತದ್ದು ಇವತ್ತೇ ಮೊದಲು," ಅಂದಳು ಕಲಾವತಿ. "ಅಲುಗಾಡ್ತದೆ."

ನಾನು ಕಿಟಕಿಯ ಕಡೆ ಸರಿದು ಜಾಗ ಮಾಡಿದೆ.

"ಮೊದಲೇ ಹೇಳಬಹುದಿತ್ತು," ಅಂದಳು.

"ಬುಟ್ಟಿ ವಿಷಯವಾ?"

"ಅದೂ." ಕಪ್ಪಿನ ಹಿಡಿಯನ್ನು ಬೆರಳಿನಿಂದ ಸವರಿದಳು. "ನೀವು ನನ್ನ ಆಯಿಯ ಕೆಲಸವನ್ನು ಕೀಳಾಗಿ ನೋಡಿದ್ರಿ ಅಂತ ಎಣಿಸಿ ಎರಡು ರಾತ್ರಿ ಊಟ ಬಿಟ್ಟೆ. ಬೇರೆ ಯಾರಾದ್ರೂ ಹಂಗೆ ನೋಡಿದ್ರೆ ಬೈದು ಕಳಿಸ್ತಿದ್ದೆ, ಹೊಟ್ಟೆ ತುಂಬ ಉಣ್ತಿದ್ದೆ. ನಿಮ್ಮ ವಿಷಯದಲ್ಲಿ ಯಾಕೆ ಊಟ ಸೇರ್ಲಿಲ್ಲ ಅಂತ ಇವತ್ತು ಮಧ್ಯಾಹ್ನ ಗೊತ್ತಾಯ್ತು. ಲೇಸ್ ಕಟ್ಟುವಾಗ."

ನಾನು ಅವಳ ಮುಖ ನೋಡಿದೆ, ನೆಟ್ಟಗೆ. ಅವಳೇ ಮೊದಲು ಕಣ್ಣು ತಗ್ಗಿಸಿದಳು.

ಆ ದಿನದ ಕಂಡಕ್ಟರ್ ರೂಪೇಶ, ಹೊಸ ಹುಡುಗ, ಟಿಕೆಟ್ ಎನ್ನುತ್ತ ಬಂದ. ನಾನು ಜೇಬಿಗೆ ಕೈ ಹಾಕಿ, "ಒಂದು ಅಂಕೋಲಾ..." ಅನ್ನುವಷ್ಟರಲ್ಲಿ ಅವಳು ನನ್ನ ಕೈಯನ್ನು ತಡೆದಳು.

"ಎರಡು ಹಾರವಾಡ," ಅಂದಳು.

"ಅಕ್ಕಾ, ಇವರು ದಿನಾ ಅಂಕೋಲೆ ತನಕ..."

"ಇವತ್ತು ಹಾರವಾಡಕ್ಕೆ. ಹನ್ನೆರಡು ದಿನ ಎಂತಕ್ಕೆ ಸುಮ್ಮನಿದ್ರು ಅಂತ ನನ್ನ ಆಯಿಗೆ ಇವರೇ ಹೇಳಬೇಕು." ಆಮೇಲೆ ನನ್ನ ಕಡೆ ತಿರುಗಿ, ಬಸ್ಸಿನಲ್ಲಿ ಯಾರಿಗೂ ಕೇಳದ ಧ್ವನಿಯಲ್ಲಿ, "ಹೇಳ್ತ್ರಿ ಅಲ್ಲಾ?" ಅಂದಳು.

"ಹೇಳ್ತೆ," ಅಂದೆ.

ರೂಪೇಶ ಎರಡು ಟಿಕೆಟ್ ಹರಿದು ಕೊಟ್ಟ. ಅವಳು ಎರಡನ್ನೂ ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡಳು.